ಅಪ್ಪನ ಕಾಲು, ಅನು ಡಿಬೇಟು

ಎಡಿಸನ್, ನ್ಯೂಜೆರ್ಸಿ
ಶನಿವಾರ ರಾತ್ರಿ

ಅಮ್ಮಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರ ಗುರುವಾರ ಬಂತು. ಅಪ್ಪನ ಕಾಲಲ್ಲಿ ಗಾಯ ಆಗಿದೆ, ಆದರೂ ಆಸ್ಪತ್ರೆ ಬೇಡ ಅಂತಾರೆ ಅಂತ ಬರೆದಿದ್ದೀಯಲ್ಲ, ಅವತ್ತಿನಿಂದ ಅದೇ ಯೋಚನೆ.

ಮೊದಲು ನಿನ್ನ ಮೊಮ್ಮಗಳು ಅನು ವಿಷಯ. ಹೆಣ್ಣು ಹುಡುಗಿಗೆ ಎದುರು ಮಾತಾಡೋದು ಕಲಿಸುತ್ತಿದ್ದೀಯಾ ಅಂತ ಬರೆದಿದ್ದೀಯಲ್ಲ, ಅದು ಹಾಗಲ್ಲಮ್ಮ. ಇಲ್ಲಿ ಹೈಸ್ಕೂಲಿನಲ್ಲಿ ಡಿಬೇಟ್, ನಮ್ಮ ಚರ್ಚಾಸ್ಪರ್ಧೆ ಇದ್ದ ಹಾಗೆ, ದೊಡ್ಡ ವಿಷಯ, ಅದರ ರಾಷ್ಟ್ರಮಟ್ಟದ ಸಂಘ ಶುರುವಾದದ್ದೇ 1925ರಲ್ಲಿ. ನಮ್ಮ ಕಾಲದಲ್ಲಿ ಮೇಷ್ಟ್ರು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿ, 'ಮಾನ್ಯ ತೀರ್ಪುಗಾರರೇ' ಅಂತ ಶುರು ಮಾಡಿ, ಬೆಲ್ ಹೊಡೆಯುವ ಮುಂಚೆ ಇಳಿದು ಬರುತ್ತಿದ್ದೆವು. ಇವರದ್ದು ಇಬ್ಬಿಬ್ಬರ ಜೋಡಿ. ನಾಣ್ಯ ಚಿಮ್ಮುತ್ತಾರೆ, ಪರವೋ ವಿರೋಧವೋ ಅನ್ನೋದು ಆಗಲೇ ಗೊತ್ತಾಗೋದು, ಅದಕ್ಕೆ ಎರಡೂ ಕಡೆಗೆ ತಯಾರಾಗಿರಬೇಕು. ಒಬ್ಬೊಬ್ಬರಿಗೆ 4 ನಿಮಿಷದ ಭಾಷಣ, ಆಮೇಲೆ 3 ನಿಮಿಷ ಎದುರಾಳಿಯ ಜೊತೆ ಪ್ರಶ್ನೆ-ಉತ್ತರ. ಹೋದ ವರ್ಷ ಮೊದಲ ಸಲ ಇವಳ ಗಂಟಲಿಂದ ಮಾತೇ ಬರಲಿಲ್ಲ, ಕಾರಿನಲ್ಲಿ ಬಂದು ಅತ್ತಳು. ಈಗ ದಿನಾ ರಾತ್ರಿ ಹಲ್ಲಿನಲ್ಲಿ ಪೆನ್ ಕಚ್ಚಿಕೊಂಡು, ಫ್ರಿಜ್ ಮುಂದೆ ನಿಂತು ಜೋರಾಗಿ ಓದುತ್ತಾಳೆ. ಪೆನ್ ತೆಗೆದ ಮೇಲೆ ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ ಕೇಳುತ್ತೆ. ತೀರ್ಪು ಕೊಡೋಕೆ ಅಪ್ಪ ಅಮ್ಮಂದಿರನ್ನೂ ಕೂರಿಸುತ್ತಾರೆ, ಇವತ್ತು ನಾನೂ ಬೇರೆ ಸ್ಕೂಲಿನ ಮಕ್ಕಳಿಗೆ ತೀರ್ಪು ಕೊಟ್ಟೆ.

ಅನುಗೆ ನಿನ್ನ ಪತ್ರ ಓದಿ ಹೇಳಿದೆ. "ತಾತ ಆಸ್ಪತ್ರೆ ಯಾಕೆ ಬೇಡ ಅಂತಾರೆ, ಯಾರಾದರೂ ಕೇಳಿದ್ರಾ?" ಅಂದಳು. ನನಗೆ ಉತ್ತರ ಇರಲಿಲ್ಲ. ನೀನು, ನಾನು, ಅಣ್ಣ, ಎಲ್ಲರೂ ಬೈದಿದ್ದೇ ಜಾಸ್ತಿ ಅಲ್ವಾ? ಅವಳು ಹಾಳೆಯಲ್ಲಿ ಗೆರೆ ಎಳೆದು ಒಂದು ಕಡೆ ತಾತನ ಮಾತು ಬರೆದಳು. ಬರೆಯುತ್ತಾ ಹೋದಾಗ ನನಗೆ ದೊಡ್ಡಪ್ಪನ ನೆನಪಾಯಿತು. ಅವರಿಗೂ ಸಕ್ಕರೆ ಕಾಯಿಲೆ, ಕಾಲಿನ ಗಾಯಕ್ಕೇ ಆಸ್ಪತ್ರೆಗೆ ಹೋಗಿದ್ದು, ಬೆರಳು ತೆಗೆದರು. ಅಪ್ಪನಿಗೆ ಅದೇ ಭಯ ಇರಬೇಕು ಅಮ್ಮ, ಹಠ ಅಲ್ಲ.

ಅದಕ್ಕೆ ಬೈಯಬೇಡ. ಆ ಭಯ ಇದೆಯಾ ಅಂತ ಮೊದಲು ಕೇಳು. ಆಮೇಲೆ ಹೇಳು, ದೊಡ್ಡಪ್ಪ ಹೋಗಿದ್ದು ಬೆರಳು ಕಪ್ಪಾದ ಮೇಲೆ, ಬೇಗ ಹೋದರೆ ಬೆರಳು ಉಳಿಸಿಕೊಳ್ಳೋ ಅವಕಾಶ ಜಾಸ್ತಿ. ನೋವಿಲ್ಲ ಅಂತ ಅಪ್ಪ ಅನ್ನುತ್ತಾರಲ್ಲ, ಸಕ್ಕರೆ ಕಾಯಿಲೆಯಲ್ಲಿ ನರ ಸೋತರೆ ನೋವೇ ಗೊತ್ತಾಗಲ್ಲ, ಹೆದರಬೇಕಾದದ್ದು ಅದಕ್ಕೇ. ಬಿಸಿನೀರಿನಲ್ಲಿ ಕಾಲು ಇಡಿಸಬೇಡ, ಸುಟ್ಟರೂ ತಿಳಿಯಲ್ಲ. ಅರಿಶಿನವೂ ಬೇಡ. ಬರಿಗಾಲಲ್ಲಿ ತೋಟಕ್ಕೆ ಬಿಡಲೇಬೇಡ.

ದುಡ್ಡಿನ ಚಿಂತೆ ಖಂಡಿತ ಬೇಡ. ಅಣ್ಣನ ಅಕೌಂಟಿಗೆ 50,000 ಹಾಕಿದ್ದೇನೆ, ಇನ್ನೂ ಬೇಕಾದರೆ ಹಾಕುತ್ತೇನೆ, ನಮಗೆ ಏನೂ ತೊಂದರೆ ಇಲ್ಲ, ನಿಜವಾಗಿಯೂ ಇಲ್ಲ. ಕೊಬ್ಬರಿ ದುಡ್ಡು ಮುಟ್ಟಬೇಡ. ಸೋಮವಾರವೇ ಹಾಸನಕ್ಕೆ ಕರೆದುಕೊಂಡು ಹೋಗಿ.

ನಾಳೆ ನಿಮ್ಮ ಸಂಜೆ 7ಕ್ಕೆ ಅನು ಫೋನ್ ಮಾಡುತ್ತಾಳೆ. ತಾತನ ಹತ್ತಿರ ಅವಳೊಬ್ಬಳೇ ಮಾತಾಡಲಿ, ಸ್ಪೀಕರ್ ಹಾಕಬೇಡ. ಇವರು ದೀಪ ಆರಿಸು ಅನ್ನುತ್ತಿದ್ದಾರೆ, ನಿಲ್ಲಿಸುತ್ತೇನೆ. ನಿನ್ನ ಬಿಪಿ ಮಾತ್ರೆ ಮರೆಯಬೇಡ.

ನಿನ್ನ
ಶೈಲಾ