ಎಂಟನೇ ತರಗತಿಯ "ಏನಿಲ್ಲ": ಪೋಷಕರಿಗೆ ಒಂದು ಪತ್ರ

ಸರ್ಕಾರಿ ಪ್ರೌಢಶಾಲೆ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಜುಲೈ 14

ಎಂಟನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ಶಾಲೆ ಶುರುವಾಗಿ ಒಂದೂವರೆ ತಿಂಗಳಾಯಿತು. ಸಂಜೆ ಮನೆಗೆ ಬಂದವರನ್ನು "ಇವತ್ತು ಶಾಲೇಲಿ ಏನಾಯ್ತು?" ಅಂತ ಕೇಳಿದರೆ "ಏನಿಲ್ಲ" ಅಂದು, ಬ್ಯಾಗು ಒಂದು ಮೂಲೆಗೆ ಎಸೆದು ಬಚ್ಚಲ ಒಲೆ ಮುಂದೆ ಕೂತುಬಿಡುತ್ತಾರೆ ಎಂದು ನಿಮ್ಮಲ್ಲಿ ಹಲವರು ನನ್ನ ಹತ್ತಿರ ದೂರಿದ್ದೀರಿ. ಆ "ಏನಿಲ್ಲ"ದ ಒಳಗೆ ಏನೇನಿದೆ ಅಂತ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳವರೆಗೆ ಇವರೆಲ್ಲ ದೊಡ್ಡವರಾಗಿದ್ದರು ಅನ್ನೋದನ್ನು ಮರೆಯಬೇಡಿ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು ಅಂದರೆ ಸಣ್ಣ ಅಧಿಕಾರವಲ್ಲ. ಗಂಟೆ ಹೊಡೆಯುವವರು ಇವರೇ, ಪ್ರಾರ್ಥನೆಯಲ್ಲಿ "ಸಾವಧಾನ್" ಅನ್ನುವವರು ಇವರೇ, ಒಂದನೇ ಕ್ಲಾಸಿನವರ ಮೂಗು ಒರೆಸಿ ಊಟಕ್ಕೆ ಕೂರಿಸುವವರೂ ಇವರೇ. ಜೂನ್‌ನಲ್ಲಿ ಇಲ್ಲಿ ಕಾಲಿಟ್ಟರೆ ಮೀಸೆ ಚಿಗುರಿದ ಹತ್ತನೇ ಕ್ಲಾಸಿನವರು "ಏ ಮರಿ, ಆಚೆ ಸರಿ" ಅಂತಾರೆ. ಎರಡೇ ತಿಂಗಳಲ್ಲಿ ರಾಜ್ಯ ಹೋಯಿತು. ನಮ್ಮ ಊರಿನ ಮಂಡಲ ಪಂಚಾಯ್ತಿ ಕಾಲದ ಮಾಜಿಗಳ ಮುಖದಲ್ಲಿ ನಾನು ನೋಡಿದ್ದ ಕಳೆಯನ್ನೇ ಈಗ ಎಂಟನೇ ಕ್ಲಾಸಿನ ಬೆಂಚುಗಳಲ್ಲಿ ನೋಡುತ್ತಿದ್ದೇನೆ.

ಶಾಲೆ ಶುರುವಾದ ಎರಡನೇ ವಾರ ಒಬ್ಬ ಹುಡುಗ ನನ್ನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತ. "ಸಾರ್, ಆವರ್ತ ಕೋಷ್ಟಕದ ಬೀಗದ ಕೈ ಕೊಡ್ಬೇಕಂತೆ." ಕಳಿಸಿದ್ದು ಯಾರು ಅಂತ ಕೇಳುವ ಅಗತ್ಯವೇ ಇರಲಿಲ್ಲ, ಕಿಟಕಿಯಾಚೆ ಹತ್ತನೇ ಕ್ಲಾಸಿನ ನಾಲ್ಕು ತಲೆ ಕಾಣುತ್ತಿದ್ದವು. ಮೂಲವಸ್ತುಗಳ ಹೆಸರು ಬರೆದು ಗೋಡೆಗೆ ನೇತುಹಾಕಿದ ಪಟ್ಟಿಗೆ ಎಲ್ಲಿಯ ಬೀಗ? ನಾನು ಶಾಲೆಯ ಇಡೀ ಬೀಗದ ಗೊಂಚಲನ್ನೇ ಅವನ ಕೈಗಿಟ್ಟು, "ಅವರೇ ತೆಗೆದು ತೋರಿಸಲಿ. ತೆಗೆಯುವವರೆಗೆ ಊಟಕ್ಕೆ ಬಿಡಬೇಡ" ಅಂದೆ. ಹುಡುಗ ಮಾತು ಅಂದರೆ ಮಾತು. ಅನ್ನ ಸಾರು ಆರುವವರೆಗೂ ಲ್ಯಾಬಿನ ಬಾಗಿಲು ಬಿಟ್ಟು ಕದಲಲಿಲ್ಲ. ಅವನೂ ಅವತ್ತು ಮನೆಯಲ್ಲಿ "ಏನಿಲ್ಲ" ಅಂದಿರುತ್ತಾನೆ.

ಪೀರಿಯಡ್ಡಿಗೊಬ್ಬರು ಟೀಚರ್ ಬರುವುದು ಇವರಿಗೆ ಹೊಸತು. ಪಿಸಿಎಂ ಟೀಚರ್ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದವರು), ಸಿಬಿಝಡ್ ಟೀಚರ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರು) ಅಂತ ನಾವು ಸ್ಟಾಫ್ ರೂಮಿನಲ್ಲಿ ಮಾತಾಡುವುದನ್ನು ಕೇಳಿ, ಎರಡನೆಯವರು ಸಿಬಿಝಡ್ ಬೈಕಿನಲ್ಲಿ ಬರುತ್ತಾರೆ ಅಂತ ಒಬ್ಬ ತಿಳಿದಿದ್ದನಂತೆ. ಅವನ ಅಪ್ಪನ ಹತ್ತಿರ ಅದೇ ಹಳೇ ಬೈಕ್ ಇದೆ. ಟೀಚರ್ ಬಸ್ಸಿಳಿದು ಕೊಡೆ ಹಿಡಿದು ನಡೆದು ಬಂದದ್ದು ಅವನಿಗೆ ಬಹಳ ಬೇಸರವಾಯಿತು.

ಹಿಂದಿ ತರಗತಿಯಲ್ಲಿ ಬಸ್ಸು ಹೆಣ್ಣು, ಟ್ರಕ್ಕು ಗಂಡು. ಯಾಕೆ ಅಂತ ಕೇಳಿದರೆ ಅದು ಹಾಗೇ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಬಸ್ಸೇ ಹೆಣ್ಣಾದ್ರೆ ಒಳಗೆ ಕೂತ ನಮಗ್ಯಾಕೆ ಟಿಕೆಟ್ಟು, ಮಿಸ್?" ಶಕ್ತಿ ಯೋಜನೆ ಬಂದ 2023ರಿಂದಲೂ ನಮ್ಮ ಗಂಡುಹುಡುಗರಿಗೆ ಇದೊಂದು ಉರಿ. ನಮ್ಮ ದಾರಿಯಲ್ಲಿ ಓಡುವುದೇ ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಹುಡುಗಿಯರೂ ದುಡ್ಡು ಕೊಟ್ಟೇ ಬರುತ್ತಾರೆ ಅಂತ ಆ ಕಡೆಯ ಬೆಂಚು ತಿರುಗಿ ಹೇಳಿತು. ಅವತ್ತು ಪಾಠ ಅಲ್ಲಿಗೇ ನಿಂತಿತು.

ಇನ್ನು ಉಂಬಳದ, ಅಂದರೆ ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆಯ ವಿಷಯ. ಮೊನ್ನೆ ಗುರುವಾರ ಮೂರನೇ ಪೀರಿಯಡ್, ಗಣಿತ. ಪುನರ್ವಸು ಮಳೆ ಹೆಂಚಿನ ಮೇಲೆ ಹೊಡೆಯುವ ಸದ್ದಿಗೆ ಟೀಚರ್ ಮಾತು ಮೊದಲ ಬೆಂಚಿಗೂ ಕೇಳುವುದಿಲ್ಲ, ಎಲ್ಲ ಬೋರ್ಡಿನ ಮೇಲೆಯೇ. ಎರಡನೇ ಬೆಂಚಿನ ಹುಡುಗಿ ಕಾಲುಚೀಲ ಕೆಳಗೆಳೆದಳು, ಕುಡಿದು ದ್ರಾಕ್ಷಿಯಷ್ಟಾದ ಉಂಬಳ ಉರುಳಿ ನೆಲಕ್ಕೆ ಬಿತ್ತು. ಕಾಡಂಚಿನ ಮನೆಯ ಹುಡುಗಿ, ಅವಳಿಗೆ ಇದು ಲೆಕ್ಕಕ್ಕೇ ಇಲ್ಲ. ಪಕ್ಕದ ಸಾಲಿನ ಹುಡುಗ ಮಾತ್ರ ಡೆಸ್ಕ್ ಹತ್ತಿ ನಿಂತಿದ್ದ. ಅಪ್ಪನಿಗೆ ವರ್ಗವಾಗಿ ಈ ವರ್ಷ ಶಿವಮೊಗ್ಗ ಪೇಟೆಯಿಂದ ಬಂದವನು. ಹುಡುಗಿ ಅದನ್ನು ಸ್ಕೇಲಿನಿಂದ ಎತ್ತಿ ಕಿಟಕಿಯಾಚೆ ಹಾರಿಸಿ, "ಮಿಸ್, ಎಕ್ಸ್ ಬೆಲೆ ಇನ್ನೊಂದ್ಸಲ ಹೇಳಿ" ಅಂದಳು. ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲದ್ದು ನೋಡಿ ಡೆಸ್ಕಿನ ಮೇಲಿದ್ದವನಿಗೆ ಕಣ್ಣಲ್ಲಿ ನೀರು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪದಾರ್ಥ ಉಂಬಳದ ಜೊಲ್ಲಿನಲ್ಲಿರುತ್ತದೆ, ಹೆದರಬೇಡ ಅಂತ ಮುಂದಿನ ಪೀರಿಯಡ್ಡಿನಲ್ಲಿ ವಿಜ್ಞಾನದ ಟೀಚರ್ ಹೇಳಿಕೊಟ್ಟರು. ಈಗ ಅವನ ಕಂಪಾಸ್ ಬಾಕ್ಸಿನಲ್ಲಿ ಕೈವಾರ ಇಲ್ಲ, ಆ ಜಾಗದಲ್ಲಿ ಒಂದು ಉಪ್ಪಿನ ಪೊಟ್ಟಣ ಇದೆ. ಅವನ ತಂದೆ ತಾಯಿಯಲ್ಲಿ ವಿನಂತಿ: ಉಪ್ಪು ಇರಲಿ, ಕೈವಾರವನ್ನೂ ಕಳಿಸಿ.

ಬಿಸಿಯೂಟದ ಮೊಟ್ಟೆಯ ಪಟ್ಟಿ, ಮೊಟ್ಟೆ ತಿನ್ನದವರ ಬಾಳೆಹಣ್ಣಿನ ಪಟ್ಟಿ ಎರಡರಲ್ಲೂ ಹೆಸರು ಬರೆಸಿದ ಮೂವರ ಜೊತೆ ಮಾತುಕತೆ ನಡೆದಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮಳೆ ರಜೆಯದ್ದು ಸ್ವಲ್ಪ ಗಂಭೀರ. ಹೋದ ವಾರ ರಜೆ ಆದೇಶ ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡಿ, ತರಗತಿಯ ಅರ್ಧ ಮಕ್ಕಳು ಬರಲಿಲ್ಲ. ಅದು ಹಳೇ ಮಳೆಗಾಲದ ಆದೇಶ, ತಾರೀಕು ಕತ್ತರಿಸಿ ಹಾಕಿದ್ದರು. ಕತ್ತರಿಸಿದ ಕೈ ನಮ್ಮ ಶಾಲೆಯದ್ದೇ ಎಂಬ ಗುಮಾನಿ ನನಗಿದೆ. ದಯವಿಟ್ಟು ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ ಕೇಳಿ. ನಿಜವಾಗಿ ರಜೆ ಸಿಕ್ಕಿದರೂ ಅಷ್ಟು ಪಾಠವನ್ನು ಶನಿವಾರ ಮಧ್ಯಾಹ್ನ ಕೂರಿಸಿ ತುಂಬಿಸಬೇಕು ಅಂತ ಮಕ್ಕಳಿಗೆ ಹೇಳಿದ ದಿನ, ಆಕಾಶ ನೋಡುವ ಅವರ ರೀತಿಯೇ ಬದಲಾಯಿತು. ಮಳೆನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು ಹಿಡಿಯಲು ಹೋದವರ ರಜಾ ಅರ್ಜಿಯಲ್ಲಿ "ಜ್ವರ" ಅಂತ ಇತ್ತು. ಬರೆದ ಪೋಷಕರಿಗೆ ಒಂದು ಮಾತು: ಜ್ವರ ಬಂದವನ ಕೈ ಮರುದಿನ ಮೀನು ನಾರಬಾರದು.

ಬರುವ ಶನಿವಾರ ತರಗತಿ ಮುಗಿದ ಮೇಲೆ ಪೋಷಕರ ಸಭೆ ಇದೆ. ತೋಟಕ್ಕೆ ಔಷಧಿ ಹೊಡೆಯುವ ದಿನಗಳು, ಗದ್ದೆ ನೆಟ್ಟಿಯೂ ಬಾಕಿ ಅಂತ ಗೊತ್ತು, ಮನೆಯಿಂದ ಒಬ್ಬರು ಬಂದರೆ ಸಾಕು. ಬರುವಾಗ ಕೊಡೆ ತನ್ನಿ, ಹೋಗುವಾಗ ಎರಡು ಒಯ್ಯಿರಿ. ಎಂಟನೇ ಕ್ಲಾಸಿನವರು ಬಿಟ್ಟುಹೋದ 11 ಕೊಡೆ ನನ್ನ ಕೋಣೆಯ ಮೂಲೆಯಲ್ಲಿ ನೀರು ಸುರಿಸುತ್ತಿವೆ. "ಇದು ನಂದಲ್ಲ ಸಾರ್" ಅನ್ನುವುದರಲ್ಲಿ ಇಡೀ ತರಗತಿ ಒಗ್ಗಟ್ಟಾಗಿದೆ.

ಕೆಳಗಿನ ಚೀಟಿ ಹರಿದು, ಸಹಿ ಮಾಡಿ ಬುಧವಾರದೊಳಗೆ ಕಳಿಸಿ. ಸಹಿ ನೀವೇ ಮಾಡಿ. ಎಂಟನೇ ಕ್ಲಾಸಿನ ಎಲ್ಲರ ಕೈಬರಹವೂ ನಮ್ಮ ಕನ್ನಡ ಮೇಷ್ಟ್ರಿಗೆ ಈಗಾಗಲೇ ಚೆನ್ನಾಗಿ ಪರಿಚಯವಾಗಿದೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು