ಬಿದ್ದ ಬೀಟೆ ಮರದ ವಿಚಾರ

ಗ್ರಾನಡಾ, ಸ್ಪೇನ್

ಪ್ರೀತಿಯ ಅಣ್ಣನಿಗೆ,

ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ಅರ್ಧ ಮಾತು ಕೇಳಿಸಿತು, ಇನ್ನರ್ಧ ಮಳೆಯ ಸದ್ದಿಗೆ ಹೋಯಿತು. ನನಗೆ ತಿಳಿದದ್ದು ಇಷ್ಟು: ಮೇಲಿನ ತೋಟದ ಬೀಟೆ ಮರ ಗಾಳಿಗೆ ಬಿದ್ದಿದೆ, ಜೊತೆಗೆ ಒಂದಷ್ಟು ಕಾಫಿ ಗಿಡಗಳೂ ಹೋಗಿವೆ. ಅದನ್ನು ಕೊಯ್ಸಿ ಹಲಗೆಗಳನ್ನು ಇಲ್ಲಿ ನಾನು ಕೆಲಸ ಮಾಡುವ ಗಿಟಾರ್ ಅಂಗಡಿಯ ಮೇಸ್ತ್ರಿಗೇ ನೇರವಾಗಿ ಮಾರಬಹುದಾ ಅಂತ ನಿನ್ನ ಪ್ರಶ್ನೆ. ಹಿಂದಿನಿಂದ ಅಪ್ಪ, ‘ಬೀಟೆ ಇಲ್ಲದ ಗಿಟಾರಿಗೆ ಎಲ್ಲಿಯ ನಾದ’ ಅಂತ ಏನೋ ಹೇಳುತ್ತಿದ್ದರು. ಇವೆರಡಕ್ಕೂ ಫೋನಿನಲ್ಲಿ ಉತ್ತರ ಕೊಟ್ಟು ಮುಗಿಯಲ್ಲ. ಅದಕ್ಕೇ ಈ ಕಾಗದ. ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು.

ಮೊದಲು ವ್ಯಾಪಾರದ ಮಾತು ಮುಗಿಸುತ್ತೇನೆ. ಅದು ಆಗುವ ಕೆಲಸ ಅಲ್ಲ. ಬೀಟೆಯ ದಿಮ್ಮಿಯನ್ನಾಗಲಿ, ಕೊಯ್ದ ಹಲಗೆಯನ್ನಾಗಲಿ ಹಾಗೇ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗಿಟಾರಿನ ಭಾಗಗಳಾಗಿ ತಯಾರು ಮಾಡಿ, ಪರವಾನಗಿ ತೆಗೆದುಕೊಂಡು ಕಳಿಸುವ ವ್ಯಾಪಾರಿಗಳೇ ಬೇರೆ ಇದ್ದಾರೆ. ಅದರ ಮೇಲೆ, ಅಳಿವಿನ ಭಯವಿರುವ ಮರ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ. 2017ರ ಜನವರಿಯಲ್ಲಿ, ಮೊದಲೇ ಪಟ್ಟಿಯಲ್ಲಿದ್ದ ಬ್ರೆಜಿಲ್ ಬೀಟೆ ಬಿಟ್ಟು, ಬೀಟೆಯ ಇಡೀ ಕುಲವನ್ನೇ ಅದರ ಎರಡನೇ ಪಟ್ಟಿಗೆ ಸೇರಿಸಿದರು, ಅಂದರೆ ಕಾಗದಪತ್ರ ಇದ್ದರೆ ಮಾತ್ರ ವ್ಯಾಪಾರ. ಅದಕ್ಕೆ ಮುಖ್ಯ ಕಾರಣ ಗಿಟಾರ್ ಅಲ್ಲ, ಚೀನಾದವರ ಕೆಂಪು ಮರದ ಕುರ್ಚಿ ಮೇಜುಗಳ ಹುಚ್ಚು. ಆದರೆ ಏಟು ಬಿದ್ದದ್ದು ಇಲ್ಲಿನ ಸಣ್ಣ ಅಂಗಡಿಗಳಿಗೆ. ಯುರೋಪಿನಿಂದ ಹೊರಗೆ ಒಂದು ಗಿಟಾರ್ ಮಾರಬೇಕಾದರೂ ಸರ್ಟಿಫಿಕೇಟು ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಮರಕ್ಕೆ ಸಿಗಲಿಲ್ಲ.

ಇದೆಲ್ಲ ಆಮೇಲಿನ ಮಾತು. ಮೊದಲು ಫಾರೆಸ್ಟ್ ಆಫೀಸಿಗೆ ಹೋಗು. ಬಿದ್ದ ಮರ ಅಂತ ಸಾಮಿಲ್ಲಿಗೆ ಸಾಗಿಸಿಬಿಟ್ಟೀಯ, ಹುಷಾರು. ಎಷ್ಟೋ ಕಡೆ ಜಮೀನು ನಮ್ಮದಾದರೂ ಅದರಲ್ಲಿರುವ ಬೀಟೆ ಸರ್ಕಾರದ್ದು. ನಮ್ಮ ದಾಖಲೆಯಲ್ಲಿ ಏನಿದೆ ಅಂತ ನೋಡಿಸು, ಮಹಜರು ಮಾಡಿಸು. ಅಲ್ಲಿಯವರೆಗೆ ದಿಮ್ಮಿಯ ಎರಡೂ ತುದಿಗೆ ಹಳೇ ಪೇಂಟೋ ಮೇಣವೋ ದಪ್ಪಗೆ ಬಳಿಯಬಹುದಾ ಅಂತ ಅವರನ್ನೇ ಕೇಳು. ತುದಿಯಿಂದ ನೀರು ಬೇಗ ಆರುತ್ತದೆ, ನಡುಮರ ಹಸಿಯಾಗಿಯೇ ಇರುತ್ತದೆ, ಆ ಜಗ್ಗಾಟಕ್ಕೆ ತುದಿ ಸೀಳುತ್ತದೆ. ಸೀಳು ಒಳಕ್ಕೆ ಹೋದಷ್ಟೂ ಮರ ದಂಡ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ಗಿಟಾರಿನ ನಾದ ಬರುವುದು ಬೀಟೆಯಿಂದ ಅಲ್ಲ ಅಪ್ಪ. ಮುಂದಿನ ಹಲಗೆಯಿಂದ. ಬೀಟೆ ಹಾಕುವುದು ಹಿಂದಕ್ಕೆ ಮತ್ತು ಪಕ್ಕಕ್ಕೆ. ತಂತಿ ಕುಣಿಸುವುದು ಮುಂದಿನ ಹಲಗೆಯನ್ನು, ಅದು ಸ್ಪ್ರೂಸ್ ಮರದ್ದು. ಚಳಿದೇಶದ ಸೂಜಿ ಎಲೆಯ ಮರ, ನಮ್ಮ ಮೇಸ್ತ್ರಿ ಆಲ್ಪ್ಸ್ ಬೆಟ್ಟದ್ದನ್ನು ತರಿಸುತ್ತಾರೆ. ತೂಕದಲ್ಲಿ ಬೀಟೆಯ ಅರ್ಧದಷ್ಟು. ಕೊನೆಗೆ ಅದನ್ನು ಎರಡು, ಎರಡೂವರೆ ಮಿಲಿಮೀಟರಿಗೆ ಇಳಿಸುತ್ತೇವೆ. ಆರು ತಂತಿಗಳು ಸೇರಿ ಸುಮಾರು 40 ಕಿಲೋ ಎಳೆತ ಕೊಡುತ್ತವೆ. ಹಪ್ಪಳದಷ್ಟು ತೆಳು ಹಲಗೆ ಆ ಎಳೆತವನ್ನೂ ತಡೆಯಬೇಕು, ಬೆರಳು ಸೋಕಿದರೆ ಅದುರಲೂ ಬೇಕು. ಗಿಟಾರ್ ಮಾಡುವವನ ವಿದ್ಯೆ ಅಂದರೆ ಹೆಚ್ಚುಕಡಿಮೆ ಇಷ್ಟೇ.

ಇದನ್ನು ತೋರಿಸಿಕೊಟ್ಟವನು ಇಲ್ಲಿಂದ ದೂರವಲ್ಲದ ಅಲ್ಮೇರಿಯಾದ ಬಡಗಿ ಆಂತೋನಿಯೋ ದೆ ತೋರೆಸ್. 1817ರಲ್ಲಿ ಹುಟ್ಟಿದ. ಈಗಿನ ಗಿಟಾರಿನ ಆಕಾರ, ಅಳತೆ, ಮುಂದಿನ ಹಲಗೆಯ ಒಳಗೆ ಹರಡಿ ಅಂಟಿಸುವ ಏಳು ಸಣ್ಣ ಪಟ್ಟಿಗಳು, ಎಲ್ಲ ಗಟ್ಟಿಯಾಗಿ ನೆಲೆ ನಿಂತದ್ದು ಅವನ ಕೈಯಲ್ಲಿ. 1862ರಲ್ಲಿ ಅವನು ಒಂದು ತಮಾಷೆಯ ಗಿಟಾರ್ ಮಾಡಿದ. ಮುಂದಕ್ಕೆ ಒಳ್ಳೆಯ ಸ್ಪ್ರೂಸ್, ಹಿಂದಕ್ಕೂ ಪಕ್ಕಕ್ಕೂ ಬರೀ ಕಾಗದದ ರಟ್ಟು! ಮುಂದಿನ ಹಲಗೆ ಸರಿಯಿದ್ದರೆ ಉಳಿದದ್ದು ಆಮೇಲೆ ಅನ್ನುವುದು ಅವನ ವಾದ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ.

ಅಪ್ಪ ಇಷ್ಟಕ್ಕೆ ಒಪ್ಪಲ್ಲ ಅಂತ ಗೊತ್ತು. ಹಳೇ ಕಾಲದ ಕತೆ ಬೇಡ ಅಂದರೆ ಇನ್ನೊಂದು ಹೇಳುತ್ತೇನೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ಯೂನಿವರ್ಸಿಟಿಯವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆ. ಸ್ಟೀಲ್ ತಂತಿಯ ಆರು ಗಿಟಾರ್ ಮಾಡಿಸಿದರು. ಎಲ್ಲ ಒಂದೇ ಥರ, ಹಿಂದಿನ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಒಂದಕ್ಕೆ ನಮ್ಮ ಬೀಟೆ, ಒಂದಕ್ಕೆ ಬ್ರೆಜಿಲ್ ಬೀಟೆ, ಉಳಿದವಕ್ಕೆ ಮಹಾಗನಿ, ಮೇಪಲ್, ಆಕ್ರೋಟ್, ಸಪೇಲೆ. 52 ವಾದಕರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕನ್ನಡಕ ಹಾಕಿಸಿ ಮಂದ ಬೆಳಕಿನಲ್ಲಿ ನುಡಿಸಿ ಅಂದರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ದುಬಾರಿ ಯಾವುದು, ಅಗ್ಗ ಯಾವುದು ಅಂತ ಯಾರಿಗೂ ಸರಿಯಾಗಿ ತಿಳಿಯಲಿಲ್ಲ.

ಹಾಗಾದರೆ ಬೀಟೆ ಯಾಕೆ ಅಂತ ಕೇಳ್ತೀಯ ಅಲ್ವಾ? ನಾನೂ ಮೇಸ್ತ್ರಿಯನ್ನು ಕೇಳಿದ್ದೆ. ಅವರು ಉತ್ತರ ಹೇಳಲಿಲ್ಲ. ಕಪಾಟಿನಿಂದ ಒಂದು ತುಂಡು ತೆಗೆದು, ಮೇಲಿನ ಅಂಚಿನಿಂದ ಸ್ವಲ್ಪ ಕೆಳಗೆ ಎರಡೇ ಬೆರಳಲ್ಲಿ ತೂಗಿ ಹಿಡಿದು, ನಡುವಿಗೆ ಬೆರಳ ಗೆಣ್ಣಿನಿಂದ ಒಂದು ತಟ್ಟು ತಟ್ಟಿದರು. ಮರದ ಸದ್ದಲ್ಲ ಅದು ಅಣ್ಣ, ಕಂಚಿನ ಸದ್ದು. ತಟ್ಟಿದ ಮೇಲೂ ಒಂದು ಗಳಿಗೆ ಗುಂಯ್ ಅನ್ನುತ್ತಿತ್ತು. ಆಮೇಲೆ ಅದೇ ಅಳತೆಯ ಸೈಪ್ರಸ್ ಮರದ ತುಂಡನ್ನು ತಟ್ಟಿದರು. ಟಕ್ ಅಂತ ಶುರು, ಟಕ್ ಅಂತ ಮುಗಿಯಿತು.

ಇಲ್ಲಿ ಎರಡಕ್ಕೂ ಗಿರಾಕಿಗಳಿದ್ದಾರೆ. ಫ್ಲಾಮೆಂಕೊ, ಅಂದರೆ ಇಲ್ಲಿನ ಹಾಡು ಕುಣಿತದ ಸಂಗೀತ, ನುಡಿಸುವವರಿಗೆ ಆ ಟಕ್ ಬೇಕು. ಕಾಲು ಬಡಿಯುತ್ತಾ ಕುಣಿಯುವವರ ಎದುರು ಸ್ವರ ಎಳೆದಾಡಬಾರದು, ಹರಿತವಾಗಿ ಬಿದ್ದು ಸುಮ್ಮನಾಗಬೇಕು. ಅವರಿಗೆ ಸೈಪ್ರಸ್ಸಿನ ಹಗುರ, ಬಿಳಿ ಗಿಟಾರ್. ಆ ಮರ ಇಲ್ಲಿಯದೇ, ಅಲಾಂಬ್ರಾ ಅರಮನೆಯ ತೋಟದ ತುಂಬಾ ಇದೆ. ಶಾಸ್ತ್ರೀಯ ಸಂಗೀತದವರಿಗೆ ಬೀಟೆ. ಆದರೆ ಫ್ಲಾಮೆಂಕೊದವರಲ್ಲೂ ದೊಡ್ಡ ಹಾಲ್‌ಗಳಲ್ಲಿ ನುಡಿಸುವ ಎಷ್ಟೋ ಜನ ಬೀಟೆ ಕೇಳುತ್ತಾರೆ. ಅದನ್ನು ‘ನೆಗ್ರಾ’ ಅನ್ನುತ್ತಾರೆ, ಕರಿಯದು ಅಂತ. ಗಿಟಾರ್ ಅಂಗಡಿಗಳ ಬೀದಿ ಅಂದರೆ ಕುಯೆಸ್ತಾ ದೆ ಗೊಮೆರೆಸ್, ಅಲಾಂಬ್ರಾಕ್ಕೆ ಹತ್ತುವ ಏರು ಬೀದಿ. ಅಲ್ಲಿ ಸಂಜೆ ನಡೆದರೆ ಒಂದು ಬಾಗಿಲಿಂದ ಬಿಳಿಯದು, ಇನ್ನೊಂದರಿಂದ ಕರಿಯದು ಕೇಳಿಸುತ್ತದೆ. ಕಣ್ಣು ಕಟ್ಟಿದರೆ ನಾನೂ ತಪ್ಪುತ್ತೇನೇನೋ. ಆದರೂ ನನಗೆ ಬೀಟೆಯದ್ದೇ ಇಷ್ಟ, ಊರಿನ ಪಕ್ಷಪಾತ ಅಂದುಕೋ.

ಮೇಸ್ತ್ರಿ ಮರ ಆರಿಸುವಾಗ ಮರದ ಹೆಸರಿಗೆ ಕೊಡುವ ಬೆಲೆ ಕಡಿಮೆ, ಕೊಯ್ತಕ್ಕೆ ಜಾಸ್ತಿ. ಇದನ್ನು ನೀನು ಗಮನ ಇಟ್ಟು ಓದು, ಮುಂದೆ ಬೇಕಾಗಬಹುದು. ಸಾಮಿಲ್ಲಿನಲ್ಲಿ ದಿಮ್ಮಿಯನ್ನು ಒಂದು ಕಡೆಯಿಂದ ಬ್ರೆಡ್ಡಿನ ಹಾಗೆ ಕೊಯ್ಯುತ್ತಾ ಹೋಗುತ್ತಾರೆ. ಹಾಗೆ ಕೊಯ್ದ ಹೆಚ್ಚಿನ ಹಲಗೆಗಳಲ್ಲಿ ಎಳೆ ಅಡ್ಡ ಮಲಗಿರುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಗುವುದು ಅದೇ. ನಮ್ಮ ಅಟ್ಟದ ಬಾಗಿಲು ನೋಡಿದ್ದೀಯಲ್ಲ. ಗಿಟಾರಿಗೆ ದಿಮ್ಮಿಯನ್ನು ಮೊದಲು ನಾಲ್ಕು ಪಾಲು ಮಾಡಿ, ಆಮೇಲೆ ನಡುವಿನಿಂದ ತೊಗಟೆಯ ಕಡೆಗೆ ಕೊಯ್ಯಬೇಕು. ಆಗ ಹಲಗೆಯ ತುದಿಯಲ್ಲಿ ಗೆರೆಗಳು ನೆಟ್ಟಗೆ ನಿಂತಿರುತ್ತವೆ. ಮರ ಜಾಸ್ತಿ ಪೋಲಾಗುತ್ತದೆ, ಆದರೆ ಹಲಗೆ ಅಷ್ಟಾಗಿ ಉಬ್ಬುವುದಿಲ್ಲ, ಬಾಗುವುದಿಲ್ಲ.

ಹಿಂದಿನ ಹಲಗೆಗೆ ದಿಮ್ಮಿಯಲ್ಲಿ ಒಂದರ ಪಕ್ಕ ಒಂದು ಇದ್ದ ಎರಡು ಪದರಗಳು ಬೇಕು, ತಲಾ 20 ಸೆಂಟಿಮೀಟರ್ ಅಗಲ, 55 ಉದ್ದ, ಸುಮಾರು 4 ಮಿಲಿಮೀಟರ್ ದಪ್ಪ. ಅವನ್ನು ತೆರೆದು ಪಕ್ಕಪಕ್ಕ ಇಟ್ಟರೆ ನೇರಳೆ, ಕಂದು, ಕಪ್ಪು ಗೆರೆಗಳು ಎಡಕ್ಕೂ ಬಲಕ್ಕೂ ಒಂದೇ ಥರ ಬರುತ್ತವೆ. ಅಂಚಿನ ಬಿಳಿ ಭಾಗ ಬಿಟ್ಟು ಬರೀ ಚೇಗಿನಲ್ಲಿ ಅಷ್ಟು ಅಗಲ ಸಿಗಬೇಕು ಅಂದರೆ ಮರ ಎಷ್ಟು ದಪ್ಪ ಇರಬೇಕು, ಲೆಕ್ಕ ಹಾಕು. ಅದಕ್ಕೇ ಈಗ ಮೂರು ಪಟ್ಟಿಯ ಹಿಂಬದಿಯೂ ನಡೆಯುತ್ತದೆ. ಜಾವಾದ ತೋಟಗಳಲ್ಲಿ ಬೆಳೆಸಿದ ಬೀಟೆಯೂ ಬರುತ್ತದೆ, ಜಾತಿ ನಮ್ಮದೇ.

ಕೊಯ್ದ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ನಡುವೆ ಕಡ್ಡಿ ಇಟ್ಟು ಪೇರಿಸಿ ವರ್ಷಗಟ್ಟಲೆ ಗಾಳಿಗೆ ಬಿಡುತ್ತಾರೆ. ಮೇಸ್ತ್ರಿಯ ಅಟ್ಟದಲ್ಲಿ ಅವರ ಅಪ್ಪ ಕೊಂಡಿಟ್ಟ ಹಲಗೆಗಳಿವೆ. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ವರ್ಷ ಬರೆದಿದೆ. ಅದರಲ್ಲಿ ಒಂದಿಷ್ಟು ಬ್ರೆಜಿಲ್ ಬೀಟೆಯೂ ಇದೆ. 1992ರಿಂದ ಅದು ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ಅಂದರೆ ವ್ಯಾಪಾರ ಹೆಚ್ಚುಕಡಿಮೆ ಬಂದ್. ಬ್ರೆಜಿಲ್ 1960ರ ದಶಕದ ಕೊನೆಗೇ ದಿಮ್ಮಿ ಕಳಿಸುವುದು ನಿಲ್ಲಿಸಿತ್ತು. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ನಮ್ಮ ಬೀಟೆಗೆ ಬದಲಾದದ್ದು ಆಗಲೇ. ಬೇರೆಯವರ ಕಾಡು ಮುಗಿದ ಮೇಲೆ ನಮ್ಮ ಮರಕ್ಕೆ ಹೆಸರು ಬಂತು ಅನ್ನು. ಆ ಹೆಸರಿಗೇ ನನಗೆ ಹೆದರಿಕೆ.

ಮೊನ್ನೆ ಒಬ್ಬರು ಆರ್ಡರ್ ಕೊಡಲು ಬಂದಿದ್ದರು. ಕೂತ ತಕ್ಷಣ ಬ್ರೆಜಿಲ್ ಬೀಟೆಯೇ ಆಗಬೇಕು ಅಂದರು. ಮೇಸ್ತ್ರಿ ‘ಆಗಲಿ, ಮೊದಲು ಸ್ವಲ್ಪ ನುಡಿಸಿ’ ಅಂತ ಹಳೇ ಗಿಟಾರ್ ಕೊಟ್ಟು ಅವರ ಬೆರಳನ್ನೇ ನೋಡುತ್ತಾ ಕೂತರು. ಉಗುರು ಯಾವ ಕೋನದಲ್ಲಿ ತಂತಿಗೆ ತಾಗುತ್ತದೆ, ಎಡಗೈ ಕಿರುಬೆರಳು ಎಷ್ಟು ಚಾಚುತ್ತದೆ, ಎಲ್ಲ ಗಮನಿಸಿದರು. ಆಮೇಲೆ ಮರದ ಮಾತೇ ಎತ್ತಲಿಲ್ಲ. ತಂತಿಯ ಉದ್ದ 650 ಮಿಲಿಮೀಟರ್ ಬದಲು 640 ಇರಲಿ, ಕೈಗೆ ಹಿತ ಅಂದರು. ಕುತ್ತಿಗೆ ಇಷ್ಟು ತೆಳು ಸಾಕು ಅಂತ ಬೆರಳಲ್ಲಿ ತೋರಿಸಿದರು. ಕೊನೆಗೆ ಆ ಮನುಷ್ಯ ನಮ್ಮ ಬೀಟೆಗೇ ಒಪ್ಪಿದರು. ದುಡ್ಡೂ ಉಳಿಯಿತು.

ಅದರ ಪಕ್ಕಗಳನ್ನು ಬಗ್ಗಿಸುವ ಕೆಲಸ ನನ್ನದಾಯಿತು. ಎರಡು ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಹಿಡಿಯಬೇಕು. ಮೊದಲು ಚುಂಯ್ ಅನ್ನುತ್ತದೆ, ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಕೈಗೆ ಮೆತ್ತಗಾದದ್ದು ಗೊತ್ತಾಗುತ್ತದೆ. ಅವಸರ ಮಾಡಿದರೆ ಗಿಟಾರಿನ ಸೊಂಟದ ತಿರುವಿನಲ್ಲಿ ಚಟ್ ಅನ್ನುತ್ತದೆ. ಬಿಸಿ ಬೀಟೆಯ ಘಮ ಅಂಗಡಿಯೆಲ್ಲ ತುಂಬಿಹೋಗುತ್ತದೆ. ಪುಡಿ ಮಾತ್ರ ಕೆಟ್ಟದ್ದು. ಕೆಲವರಿಗೆ ಚರ್ಮ ತುರಿಸುತ್ತದೆ, ಉಬ್ಬಸ ಬರುತ್ತದೆ, ಅದಕ್ಕೇ ನಾನು ಮಾಸ್ಕ್ ತೆಗೆಯಲ್ಲ ಅಂತ ಅಮ್ಮನಿಗೆ ಹೇಳು. ಕುತ್ತಿಗೆಗೆ ಹಾಕುವ ಸೆದ್ರೊ ಮರ ನಮ್ಮ ಗಂಧಗರಿಗೆಗೆ ಹತ್ತಿರದ ನೆಂಟ. ಕೊನೆಗೆ ಬಳಿಯುವ ಪಾಲಿಶ್ ಅರಗು, ಚನ್ನಪಟ್ಟಣದ ಬೊಂಬೆಗೆ ಹಚ್ಚುತ್ತಾರಲ್ಲ ಅದೇ. ಇಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ದಿನಾ ಒಂದಿಷ್ಟು ಉಜ್ಜುತ್ತಾ ವಾರಗಟ್ಟಲೆ ಕೂರಬೇಕು. ರಟ್ಟೆ ಬಿದ್ದುಹೋಗುತ್ತದೆ.

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ, ಆ ಮರ ನಮಗೇ ಉಳಿದರೆ ಸುಮ್ನೆ ಸಿಕ್ಕಿದ ರೇಟಿಗೆ ಕೊಟ್ಟುಬಿಡಬೇಡ. ಅಪ್ಪನ ಮಂಚದ ಆಸೆ ನನಗೂ ಗೊತ್ತು, ಮಂಚಕ್ಕೆ ಕೊಂಬೆಯ ಕಡೆಯ ಮರ ಸಾಕು. ಬುಡದ ನೇರ ಭಾಗ, ಗಂಟಿಲ್ಲದ್ದು, ಅದನ್ನು ನಾನು ಹೇಳಿದ ಹಾಗೆ ಕೊಯ್ಸಿ ಕಾಫಿ ಗೋದಾಮಿನ ಅಟ್ಟದಲ್ಲಿ ಪೇರಿಸಿಡು. ಗಿಟಾರ್ ಆಗುತ್ತದೋ ವೀಣೆಯ ಪಟ್ಟಿಯಾಗುತ್ತದೋ, ಆಮೇಲೆ ನೋಡೋಣ. ದಿಮ್ಮಿಯ ಎರಡೂ ತುದಿಯ ಫೋಟೋ ಕಳಿಸು, ಪಕ್ಕದಲ್ಲಿ ಟೇಪು ಇಟ್ಟು.

ಪುಟ್ಟನಿಗೆ ಗಿಟಾರ್ ಬೇಕು ಅಂತ ಅತ್ತಿಗೆ ಹೇಳಿದರು. ಇಲ್ಲಿಂದ ಒಳ್ಳೆಯದು ತಂದುಕೊಡಬಹುದು, ಆದರೆ ಈಗ ಬೇಡ. ಗ್ರಾನಡಾ ಒಣ ಊರು. ಇಲ್ಲಿನ ಗಾಳಿಗೆ ಹೊಂದಿಸಿ ಅಂಟಿಸಿದ ಹಲಗೆ ಮೂಡಿಗೆರೆಯ ಜುಲೈ ತಿಂಗಳಲ್ಲಿ ಉಬ್ಬಿ ಹೊಟ್ಟೆ ಬರುತ್ತದೆ. ಕಲಿಯುವವರಿಗೆ ಪ್ಲೈವುಡ್ಡಿನದೇ ವಾಸಿ, ಮಳೆಗೆ ಅಷ್ಟಾಗಿ ಜಗ್ಗಲ್ಲ. ಚಿಕ್ಕಮಗಳೂರಿನಲ್ಲಿ ಕೊಡಿಸು, ನೈಲಾನ್ ತಂತಿಯದು, ಅವನ ಕೈಗೆ ಮುಕ್ಕಾಲು ಸೈಜಿನದು. ನುಡಿಸಿದ ಮೇಲೆ ಪೆಟ್ಟಿಗೆಗೆ ಹಾಕಿಡಲಿ. ಬೆಚ್ಚಗಿರುತ್ತೆ ಅಂತ ಬಚ್ಚಲೊಲೆ ಹತ್ತಿರ ಮಾತ್ರ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ.

ಅಪ್ಪ ಅಮ್ಮನಿಗೆ ನಮಸ್ಕಾರ. ಫಾರೆಸ್ಟಿನವರು ಏನಂದರು ಅಂತ ಬೇಗ ತಿಳಿಸು.

ಇತಿ,
ನಿನ್ನ ತಂಗಿ