ಗುಪ್ತಚರ ಸಂಸ್ಥೆಗಳಿಗೂ ಸಂಸತ್ತಿನ ನಿಗಾ ಇರಲಿ

ಮಾನ್ಯ ಸಂಪಾದಕರೇ,

ಬ್ರಿಟಿಷರ ಕಾಲದಲ್ಲೇ ಹುಟ್ಟಿದ ಗುಪ್ತಚರ ದಳಕ್ಕಾಗಲಿ, ವಿದೇಶಿ ಬೇಹುಗಾರಿಕೆಗಾಗಿ 1968ರಲ್ಲಿ ಆರಂಭವಾದ ‘ರಾ’ ಸಂಸ್ಥೆಗಾಗಲಿ ಅಧಿಕಾರ ಮತ್ತು ಮಿತಿಗಳನ್ನು ನಿಗದಿಪಡಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅವುಗಳ ಕೆಲಸವನ್ನು ಪರಿಶೀಲಿಸಲೆಂದೇ ರಚಿಸಿದ ಸಂಸದೀಯ ಸಮಿತಿಯೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಂ, ಭ್ರಷ್ಟಾಚಾರ ಹಾಗೂ ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಇವುಗಳಿಗೆ ವಿನಾಯಿತಿ ನೀಡಿದೆ.

ಗೋಪ್ಯತೆ ಬೇಡವೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಫ್ರ್ಯಾಂಕ್ ಚರ್ಚ್ ನೇತೃತ್ವದ ಸೆನೆಟ್ ಸಮಿತಿಯು, ಮಾರ್ಟಿನ್ ಲೂಥರ್ ಕಿಂಗ್ ಅವರಂಥವರ ಮೇಲೂ ಗುಪ್ತಚರರು ಕಣ್ಣಿಟ್ಟಿದ್ದ ಸಂಗತಿಯನ್ನು ಬಯಲಿಗೆಳೆದ ಬಳಿಕ, 1976ರಲ್ಲಿ ಸೆನೆಟ್ ಗುಪ್ತಚರ ಸಂಸ್ಥೆಗಳ ಮೇಲೆ ನಿಗಾ ಇಡಲೆಂದೇ ಸಮಿತಿಯೊಂದನ್ನು ನೇಮಿಸಿತು. ಬ್ರಿಟನ್ 1994ರಲ್ಲಿ ಕಾಯ್ದೆಯ ಮೂಲಕವೇ ಇಂಥ ಸಮಿತಿ ರಚಿಸಿತು. ಇದರಿಂದ ಆ ದೇಶಗಳ ಬೇಹುಗಾರಿಕೆಯೇನೂ ನಿಂತುಹೋಗಲಿಲ್ಲ. ಸಮಿತಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೂ ಇಲ್ಲ: ಕೈದಿಗಳ ಚಿತ್ರಹಿಂಸೆಯ ಬಗ್ಗೆ ತನಿಖೆ ನಡೆಸುತ್ತಿದ್ದ ಸೆನೆಟ್ ಸಿಬ್ಬಂದಿಯ ಕಂಪ್ಯೂಟರ್‌ಗಳನ್ನೇ ಸಿಐಎ ಇಣುಕಿ ನೋಡಿ, 2014ರಲ್ಲಿ ಕ್ಷಮೆ ಕೇಳಬೇಕಾಯಿತು. ಆದರೆ ಕ್ಷಮೆ ಕೇಳಿಸಿಕೊಳ್ಳುವ ಸಂಸ್ಥೆಯೊಂದು ಅಲ್ಲಿತ್ತು.

ನಮ್ಮಲ್ಲಿ ಮೊಬೈಲ್‌ಗಳಿಗೆ ಕನ್ನ ಹಾಕುವ ಪೆಗಾಸಸ್ ಕುತಂತ್ರಾಂಶದ ವಿಚಾರ ಬಂದಾಗ, ಕರ್ನಾಟಕ ಹೈಕೋರ್ಟಿನಲ್ಲೂ ಸೇವೆ ಸಲ್ಲಿಸಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತಾಂತ್ರಿಕ ಸಮಿತಿ ನೇಮಿಸಬೇಕಾಯಿತು. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಆ ಸಮಿತಿ ತಿಳಿಸಿರುವುದನ್ನು ಮರುವರ್ಷ ನ್ಯಾಯಾಲಯವೇ ಹೇಳಿತು.

ಗುಪ್ತಚರ ಸಂಸ್ಥೆಗಳನ್ನು ಕಾಯ್ದೆಯ ಚೌಕಟ್ಟಿಗೆ ತರಲು ಕಾಂಗ್ರೆಸ್ ಸಂಸದ ಮನೀಷ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಆಗ ಅವರದೇ ಪಕ್ಷ ಅಧಿಕಾರದಲ್ಲಿತ್ತೆಂಬುದನ್ನು ಗಮನಿಸಿದರೆ, ಈ ಉದಾಸೀನಕ್ಕೆ ಪಕ್ಷಭೇದವಿಲ್ಲವೆನ್ನಬೇಕು. ವಿರೋಧ ಪಕ್ಷದ ಸದಸ್ಯರನ್ನೂ ಒಳಗೊಂಡು, ಗೋಪ್ಯತೆಯ ಪ್ರಮಾಣಕ್ಕೆ ಬದ್ಧವಾಗಿ, ಕಡತ ತರಿಸಿಕೊಳ್ಳುವ ಹಾಗೂ ಖರ್ಚು ಪರಿಶೀಲಿಸುವ ಅಧಿಕಾರವುಳ್ಳ ಸಮಿತಿಯನ್ನು ರಚಿಸುವಂತೆ ನಮ್ಮ ರಾಜ್ಯದ ಸಂಸದರು ಒತ್ತಾಯಿಸಬೇಕು.

– ಒಬ್ಬ ಓದುಗ, ಮೈಸೂರು